ಬಂಡೆಯ ಕೆಳಗೆ ನಿಂತ ನೀರು

ನನ್ನ ಗುರುಗಳೇ,

ಗಚ್ಚಿಬೌಲಿಯ ಆ ಗುಂಡಿ ಆಮೇಲೆ ಏನಾಯಿತು ಎಂದು ನಿಮಗೆ ಹೇಳಲಾಗಲೇ ಇಲ್ಲ. ಇವತ್ತು ಬರೆಯುತ್ತಿದ್ದೇನೆ.

ನೀವು ಸಿಕಂದರಾಬಾದಿನ ಆಸ್ಪತ್ರೆ ಸೇರಿದ ಮೇಲಿನ ಒಂದು ಬೆಳಿಗ್ಗೆ. ಸಾಫ್ಟ್‌ವೇರ್ ಕಂಪನಿಯ ಕಟ್ಟಡಕ್ಕೆ ನೆಲ ಅಗೆಯುವಾಗ ಸಿಕ್ಕ ಕಬ್ಬಿಣ ಯುಗದ ಸಮಾಧಿಯ ಬಂಡೆಯನ್ನು ಹಿಂದಿನ ದಿನವಷ್ಟೇ ಎತ್ತಿಸಿದ್ದೆ. ಜೇಡಿಯಲ್ಲಿ ಒಂದು ಮಡಕೆಯ ಬಾಯಿ, ಒಂದು ಮೂಳೆಯ ತುದಿ ಕಂಡಿದ್ದವು. ಜೀವನವಿಡೀ ಅಗೆದರೂ ಯಾರೂ ಕದಡದ ಸಮಾಧಿ ನಿಮಗೆ ಸಿಕ್ಕಿರಲಿಲ್ಲ ಅಲ್ಲವೇ? ಬೆಳಿಗ್ಗೆ ಬಂದು ನೋಡಿದರೆ ಗುಂಡಿಯಲ್ಲಿ ಮೊಣಕಾಲುದ್ದ ನೀರು. ಮಳೆ ಬಂದಿರಲಿಲ್ಲ. ರಾಯಚೂರು ಕಡೆಯಿಂದ ಮಣ್ಣು ಕೆಲಸಕ್ಕೆ ಬಂದಿದ್ದ ಯಲ್ಲಮ್ಮ ದಡದಲ್ಲಿ ನಿಂತಿದ್ದಳು. "ಮ್ಯಾಲಿಂದ ಬಂದದ್ದಲ್ರೀ ಅಕ್ಕಾರ, ತಳದಾಗಿಂದ ಏಳಾಕತ್ತೈತಿ."

ಪಕ್ಕದ ನಿವೇಶನದವರು ನೆಲಮಾಳಿಗೆ ಕಟ್ಟಲು ಇಷ್ಟು ದಿನ ಅಂತರ್ಜಲ ಎತ್ತಿ ಹೊರಗೆ ಬಿಡುತ್ತಿದ್ದರಂತೆ. ಕೆಲಸ ಮುಗಿದು ಪಂಪು ನಿಲ್ಲಿಸಿದ್ದರು. ನೀರು ತನ್ನ ಜಾಗಕ್ಕೆ ಮರಳಿತ್ತು. ನಾವೂ ಪಂಪು ಹಚ್ಚಿದೆವು. ನೀರು ಇಳಿದಂತೆ ಗುಂಡಿಯ ಗೋಡೆಗಳು ಜಾರತೊಡಗಿದವು. "ಇದಕ್ಕಿಂತ ದೊಡ್ಡ ಪಂಪ್ ಇದೆ ಮೇಡಂ, ಸಂಜೆಗೆ ಒಣಗಿಸಿಕೊಡ್ತೀವಿ" ಎಂದ ಕಂಪನಿಯ ಎಂಜಿನಿಯರ್. ನಾನು ಲಿಂಗಂಪಲ್ಲಿಯಲ್ಲಿ ಲೋಕಲ್ ರೈಲು ಹತ್ತಿ ನಿಮ್ಮ ಬಳಿ ಬಂದು ಇದನ್ನೆಲ್ಲ ಹೇಳಿದೆ.

ಮೂಗಿನಲ್ಲಿ ಆಕ್ಸಿಜನ್ ನಳಿಕೆ ಇದ್ದರೂ ನೀವು ಕೇಳಿದ ಮೊದಲ ಪ್ರಶ್ನೆ ನೆನಪಿದೆ.

"ಪಂಪಿನಾಗ ಬರೂ ನೀರು ಯಾವ ಬಣ್ಣ ಐತಿ?"

"ಚಾ ಇದ್ದಂಗ ಐತ್ರಿ ಸರ್."

"ಹಂಗಾರ ಮಣ್ಣು ಹೊಂಟೈತಿ. ಬಂದ್ ಮಾಡು. ಉಸುಕು ತುಂಬಿ ಮುಚ್ಚಿಬಿಡು."

"ಮುಚ್ಚಿದ್ರ ನೀವು ಯಾವಾಗ ನೋಡೋರು?"

"ನನಗ ತೋರಸಾಕ ಅದನ್ನ ಕೆಡಸ್ತೀಯೇನು?"

ವಾಪಸ್ ಬರುವಾಗ ನಿಮ್ಮ ಮೇಲೆ ಸಿಟ್ಟಿತ್ತು. ಗಾಲಿಕುರ್ಚಿಯಲ್ಲಿ ನಿಮ್ಮನ್ನು ಗುಂಡಿಯ ಅಂಚಿಗೆ ಕರೆತರಲು ಡಾಕ್ಟರನ್ನು ಆಗಲೇ ಒಪ್ಪಿಸಿದ್ದೆ. ಅದನ್ನು ನಿಮಗೆ ಹೇಳಬೇಕೆಂದು ಬಂದವಳು... ಇರಲಿ. ಪಂಪು ನಿಲ್ಲಿಸಿದೆ. ಕದಡಿದ ನೀರು ತಿಳಿಯಾದ ಮೇಲೆ ಹಲಗೆಯ ಮೇಲೆ ಮಲಗಿ ಕೈ ಇಳಿಬಿಟ್ಟೆ. ಮಡಕೆಯ ಬಾಯಿ ಬೆರಳಿಗೆ ತಾಗಿತು. ಅದರ ಪಕ್ಕದಲ್ಲಿ ಇನ್ನೊಂದು. ಅಳತೆ ತೆಗೆದು, ಬಟ್ಟೆ ಹೊದಿಸಿ, ಉಸುಕು ತುಂಬಿಸಿದೆವು. ಯಲ್ಲಮ್ಮ ಬುಟ್ಟಿ ಸುರಿಯದೆ ಬೊಗಸೆಯಲ್ಲೇ ಇಳಿಸಿದಳು. ಆ ಕೆಲಸ ಮುಗಿಯುವುದರೊಳಗೆ ನೀವು ಹೋಗಿಬಿಟ್ಟಿರಿ.

ಆ ಜಾಗ ಉಳಿಸಲು ಕಂಪನಿಯವರ ಜೊತೆ ಆಮೇಲೆ ಮಾಡಿದ ಜಗಳ ಕೇಳಿದ್ದರೆ ನೀವು ನಕ್ಕಿರುತ್ತಿದ್ದಿರಿ. ಕೊನೆಗೆ ಕಾರು ನಿಲ್ಲಿಸುವ ಜಾಗವನ್ನು ಆಚೆ ಬದಿಗೆ ಸರಿಸಿ, ಸಮಾಧಿಯ ಮೇಲೆ ಹುಲ್ಲು ಬೆಳೆಸಿದರು. ಕಂಪನಿಯ ಹುಡುಗ ಹುಡುಗಿಯರು ಅದರ ಮೇಲೆ ಕೂತು ಟಿಫಿನ್ ತಿಂದರು. ವರ್ಷಗಳು ಹೋದವು. ಸುತ್ತಲೂ ಅಪಾರ್ಟ್‌ಮೆಂಟ್‌ಗಳೆದ್ದವು, ಎಲ್ಲರೂ ಬೋರ್‌ವೆಲ್ ಕೊರೆಸಿದರು, ಅಂತರ್ಜಲ ಇಳಿಯುತ್ತಾ ಹೋಯಿತು. ಈ ಬೇಸಿಗೆಯಲ್ಲಿ ಹುಲ್ಲಿನ ನಡುವೆ ನೆಲ ಬಿರುಕು ಬಿಟ್ಟಿತು. ಅಷ್ಟು ಕಾಲ ನೆನೆದಿದ್ದ ಮೂಳೆ ಒಮ್ಮೆಲೇ ಒಣಗಿದರೆ ಪುಡಿಯಾಗುತ್ತದೆಂದು ಹೇಳಿಕೊಟ್ಟವರು ನೀವೇ ತಾನೇ? ಇನ್ನು ಕಾಯುವಂತಿರಲಿಲ್ಲ.

ನಿನ್ನೆ ತೆರೆದೆವು. ಎರಡೂ ಮಡಕೆ ನಿಂತಲ್ಲೇ ನಿಂತಿವೆ. ಅವುಗಳ ಪಕ್ಕ ಒಬ್ಬರು ಮೊಣಕಾಲು ಮಡಚಿ, ಎಡಮಗ್ಗುಲಾಗಿ ಮಲಗಿದ್ದಾರೆ. ಹೆಣ್ಣೋ ಗಂಡೋ ಇನ್ನೂ ತಿಳಿದಿಲ್ಲ. ಕೈಬೆರಳಿನ ಸಣ್ಣ ಮೂಳೆಗಳನ್ನು ನಾನೇ ಕುಂಚದಿಂದ ಬಿಡಿಸಿದೆ. ಒಂದೂ ಕದಲಿಲ್ಲ, ಸರ್.

ನಿಮ್ಮ
ಸುನಂದಾ