ಭಾವನಿಗೆ ಕಲಿಸಿದ ‘ಟೇಕ್’

ಭಾನುವಾರ, ಮಧ್ಯಾಹ್ನ

ಮುದ್ದಿನ ತಂಗೀ,

ಅಕ್ಕನ ಪ್ರೀತಿ, ಅದರ ಜೊತೆಗೆ ಅಷ್ಟೇ ತೂಕದ ಸಿಟ್ಟು. ಭಾವನ ಪರೀಕ್ಷೆ ಏನಾಯಿತು ಅಂತ ನೀನು ಫೋನಿನಲ್ಲಿ ಕೇಳಿದೆ, ಕಾಗದ ಬರೆಯುತ್ತೇನೆ ಅಂತ ನಾನು ಅಂದೆ. ಫೋನಿನಲ್ಲಾದರೆ ನೀನು ಏನಾದರೊಂದು ಹೇಳಿ ನನ್ನನ್ನು ನಗಿಸಿಬಿಡುತ್ತೀಯ. ಸದ್ಯಕ್ಕೆ ನಿನ್ನ ಜೊತೆ ನಗುವ ಮನಸ್ಸು ನನಗಿಲ್ಲ.

ಲಿಫ್ಟ್ ರಿಪೇರಿ ಮಾಡುವವರು ಸೂಪರ್‌ವೈಸರ್ ಆಗಬೇಕಾದರೆ ಇಂಗ್ಲಿಷಿನಲ್ಲಿ ಮಾತಾಡಿ ತೋರಿಸಬೇಕು ಅಂತ ನಿನ್ನ ಭಾವನ ಕಂಪನಿಯವರು ಪಟ್ಟು ಹಿಡಿದಾಗ, ಇಂಗ್ಲಿಷ್ ಟೀಚರ್ ನಮ್ಮನೇಲೇ ಇದ್ದಾಳಲ್ಲ ಅಂತ ಜಂಬದಿಂದ ನಿನ್ನನ್ನು ಕರೆಸಿದವಳು ನಾನೇ. ಟೇಕ್ ಎಂಬ ಒಂದೇ ಕ್ರಿಯಾಪದ ಕೈಗೆ ಬಂದರೆ ಅರ್ಧ ಭಾಷೆ ಬಂದ ಹಾಗೆ ಅಂತ ಹೇಳಿ, ನೀನು ರಜೆಯಿಡೀ ಅದೊಂದನ್ನೇ ಹಿಡಿದು ಕೂತೆ. ಕೂತಿದ್ದು ನಾನು ಬಟ್ಟೆ ಕತ್ತರಿಸುವ ಮೇಜಿನ ಮುಂದೆ. ಗಿರಾಕಿಗಳ ಕೋಟಿನ ಬಟ್ಟೆಯನ್ನು ಮಂಚದ ಮೇಲೆ ಹರಡಿಕೊಂಡು ನಾನು ಬೆನ್ನು ಬಗ್ಗಿಸಿ ಕತ್ತರಿಸಿದೆ.

ಹೇಳಿದ್ದನ್ನೆಲ್ಲ ಮಾಡಿ ತೋರಿಸಬೇಕು ಅನ್ನುವುದು ನಿನ್ನ ಪಾಠದ ಕ್ರಮ. ಟೇಕ್ ಆಫ್ ಅಂದರೆ ಕನ್ನಡಕ ತೆಗೆಯುವುದು, ವಿಮಾನ ಮೇಲೇರುವುದೂ ಅದೇ, ಒಬ್ಬರನ್ನು ಅಣಕಿಸುವುದೂ ಅದೇ ಅಂದೆ. ಅಷ್ಟೇ ಸಾಕಾಯಿತು, ನಿನ್ನ ಭಾವ ಎದ್ದು ನಿಂತು, ಅವರ ಮ್ಯಾನೇಜರು ಲಿಫ್ಟಿನೊಳಗೆ ಹೆದರಿ ಕಣ್ಣು ಮುಚ್ಚಿಕೊಳ್ಳುವುದನ್ನು ಮಾಡಿ ತೋರಿಸಿದರು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಹೊಟ್ಟೆ ಉರಿಯಿತು. ಇಷ್ಟು ವರ್ಷ ಸಂಸಾರ ಮಾಡಿದ ನನಗೆ, ಇವರಿಗೆ ಅಣಕಿಸಲು ಬರುತ್ತದೆ ಅನ್ನುವುದೇ ಗೊತ್ತಿರಲಿಲ್ಲ ಕಣೇ! ನನ್ನ ಜೊತೆ ಅವರ ಮಾತು ಊಟ ಆಯ್ತಾ, ಬಾಗಿಲು ಹಾಕಿದ್ಯಾ, ಅಷ್ಟೇ.

ತಪ್ಪು ತಿಳಿಯಬೇಡ. ನಿಮ್ಮಿಬ್ಬರ ಮೇಲೆ ನನಗೆ ಸಂಶಯವಿಲ್ಲ. ಸಂಶಯವಿದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಆ ನಗು ನನ್ನ ಪಾಲಿಗೆ ಬರಲಿಲ್ಲವಲ್ಲ ಅನ್ನುವ ಸಂಕಟಕ್ಕೆ ಯಾರ ಜೊತೆ ಜಗಳವಾಡಲಿ?

ನೀನು ಹೊರಟ ಮೇಲೆ, ಅಭ್ಯಾಸಕ್ಕೆ ಜೊತೆಗೆ ಕೂತ್ಕೋ ಅಂತ ನನ್ನನ್ನು ಕರೆದರು. ನಿಮ್ಮ ಟೀಚರನ್ನೇ ಕರೆಸ್ಕೊಳ್ಳಿ ಅಂತ ಮುಖ ತಿರುಗಿಸಿದೆ. ಮರುದಿನ ಗಿರಾಕಿಗೆ ಕೋಟು ಕೊಟ್ಟು ಮನೆಗೆ ಬಂದರೆ, ನನ್ನ ಹೊಲಿಗೆ ಮಷೀನಿನ ಅಂಗಾಂಗವೆಲ್ಲ ಮೇಜಿನ ಮೇಲೆ! ಟೇಕ್ ಅಪಾರ್ಟ್ ಅಭ್ಯಾಸವಂತೆ. ಮತ್ತೆ ಜೋಡಿಸಿ ಅಂದೆ. ಬಿಚ್ಚುವುದಕ್ಕೆ ಟೇಕ್ ಇದೆ, ಜೋಡಿಸುವುದಕ್ಕೆ ನೀನು ಏನೂ ಕಲಿಸಿಲ್ಲವಂತೆ.

ಬಾಯಿಗೆ ಬಂದಂತೆ ಬೈದೆ. ಆಮೇಲೆ ಪಕ್ಕದಲ್ಲಿ ಕೂತು, ಯಾವುದು ಎಲ್ಲಿಗೆ ಅಂತ ಹೇಳತೊಡಗಿದೆ, ಅವರು ಸ್ಕ್ರೂ ತಿರುಗಿಸಿದರು. ಒಂದು ಸ್ಪ್ರಿಂಗ್ ಸಿಡಿದು ನನ್ನ ಕೂದಲಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುತ್ತಾ ಟೇಕ್ ಔಟ್ ಅಂದರು. ನಾನು ನಗಲಿಲ್ಲ. ಆಗ ನನ್ನ ಟೇಪನ್ನು ಕೊರಳಿಗೆ ಹಾಕಿಕೊಂಡು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡವರ ಹಾಗೆ ಬಾಯಿ ಬಿಗಿದು, ದಪ್ಪ ಗಿರಾಕಿಯ ಸೊಂಟ ಅಳೆದು ಅಳತೆಯನ್ನು ಬೇಕೆಂತಲೇ ಕಮ್ಮಿ ಹೇಳುವ ನನ್ನನ್ನು ಮಾಡಿ ತೋರಿಸಿದರು. ಸುಳ್ಳು ಹೇಳುವಾಗ ನನ್ನ ಎಡ ಹುಬ್ಬು ಏರುತ್ತದಂತೆ, ಅದನ್ನೂ ಬಿಡಲಿಲ್ಲ. ಅಷ್ಟು ಸರಿಯಾಗಿ ಮಾಡಬೇಕಾದರೆ ನನ್ನನ್ನು ಎಷ್ಟು ಕಾಲದಿಂದ ನೋಡಿರಬೇಕು! ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದರಲ್ಲಿ ಸ್ವಲ್ಪ ಅಳುವೂ ಇತ್ತು.

ಮಷೀನು ಓಡುತ್ತಿದೆ, ಸದ್ದು ಮಾತ್ರ ಮೊದಲಿಗಿಂತ ಜಾಸ್ತಿ. ಮೇಜು ನನಗೆ ವಾಪಸ್ಸು ಬಂದಿದೆ. ಸರಿಹೊತ್ತಿಗೆ ಊಟ ಮಾಡು, ಮೈ ಹುಷಾರು.

ಸಿಟ್ಟು ಇನ್ನೂ ಪೂರ್ತಿ ಇಳಿಯದ,
ನಿನ್ನ ಅಕ್ಕ

ಬರೆಯಲು ಮರೆತಿದ್ದು: ನಿನ್ನ ಭಾವ ಫೇಲ್. ಟೇಕ್ ಬಿಟ್ಟು ಬೇರೆ ಏನು ಕೇಳಿದರೂ ಸುಮ್ಮನೆ ತಲೆಯಾಡಿಸಿದರಂತೆ. ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಅಷ್ಟರೊಳಗೆ ಗೆಟ್ ಕಲಿಯಬೇಕು, ತಂಗೀಗೆ ಬರೋಕೆ ಹೇಳಿ ಕಾಗದ ಬರಿ ಅಂತ ಇವರು ಬೆಳಗಿನಿಂದ ನನ್ನ ಹಿಂದೆ ಬಿದ್ದಿದ್ದಾರೆ. ಬರೆದಿದ್ದೇನೆ ಅಂತ ಹೇಳುತ್ತೇನೆ, ಹುಬ್ಬನ್ನು ಕೈಯಿಂದ ಮುಚ್ಚಿಕೊಂಡು. ನೀನು ಬರಬೇಡ. ಗೆಟ್‌ನದ್ದು ಏನೇನಿದೆಯೋ ಎಲ್ಲ ಬರೆದು ಅಂಚೆಯಲ್ಲಿ ಕಳಿಸು, ನನ್ನ ಹೆಸರಿಗೆ. ನಾನೇ ಕಲಿತು ಕಲಿಸುತ್ತೇನೆ.