ಮೂವತ್ತೊಂದು ಪತ್ರ, ಒಂದೇ ವಾಕ್ಯ

ಗುರುವಾರ, ೧೪

ಬೆಳಿಗ್ಗೆ ಓದುಗರ ಲಕೋಟೆಗಳನ್ನು ಒಡೆಯುವಾಗ ಕಣ್ಣಿಗೆ ಬಿತ್ತು: ಮೂವತ್ತೊಂದು ಪತ್ರ, ಮೂವತ್ತೊಂದು ಕೈಬರಹ, ಎಲ್ಲದರಲ್ಲೂ ಒಂದೇ ವಾಕ್ಯ. ‘ಗಿರಣಿ ಬಡಾವಣೆ ಹಂತಕರ ಗೂಡು.’ ಅದು ಚುನಾವಣೆಗೆ ನಿಂತಿದ್ದ ಅಭ್ಯರ್ಥಿಯೊಬ್ಬರ ಕೊಲೆಯಾದ ಮರುದಿನ ನಮ್ಮ ಪತ್ರಿಕೆಯೇ ಕೊಟ್ಟ ತಲೆಬರಹ. ಚೂರಿ ಹಾಕಿದವನು ಯಾರೆಂದು ಪೊಲೀಸರಿಗೇ ಇನ್ನೂ ಗೊತ್ತಿಲ್ಲ. ಆ ಬಡಾವಣೆಯ ಅಂಗಡಿಗಳ ಮೇಲೆ ಮಾತ್ರ ಅಂದಿನಿಂದ ಕಲ್ಲು ಬೀಳುತ್ತಿದೆ.

"ಜನಾಭಿಪ್ರಾಯ ಅಂತ ಇಡೀ ಪುಟ ಹಾಕಮ್ಮ" ಎಂದರು ಸಂಪಾದಕರು.

ಆ ದಿನದ ಮುಖಪುಟವನ್ನು ಪತ್ರಗಳ ಪಕ್ಕ ಇಟ್ಟೆ. "ಸರ್, ಇದು ಜನರ ಮಾತಲ್ಲ. ನಾವು ಹೇಳಿಕೊಟ್ಟಿದ್ದನ್ನೇ ಒಪ್ಪಿಸ್ತಿದ್ದಾರೆ."

"ಕೆಲಸಕ್ಕೆ ಸೇರಿ ಮೂರು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ದೋಳು ಇವತ್ತು ನಮಗೇ ಪಾಠ ಮಾಡ್ತಾಳಪ್ಪ!" ಎಂದು ಉಪಸಂಪಾದಕರು ನಕ್ಕರು.

ಸಂಪಾದಕರು ನಗಲಿಲ್ಲ. ಪತ್ರಗಳನ್ನು ಒಂದೊಂದಾಗಿ ಓದಿದರು. "ತಪ್ಪಾಯ್ತು ಅಂತ ಮುಖಪುಟದಲ್ಲೇ ಹಾಕೋಣ. ನೀನೇ ಬರಿ."

ನಾನೇ ಬರೆದೆ! ಐದೇ ಸಾಲು. ಈಗ ಅಚ್ಚಾಗುತ್ತಿರಬಹುದು. "ಏನೇ, ಒಬ್ಬಳೇ ನಗ್ತಿದೀಯ?" ಎಂದು ಊಟದ ಹೊತ್ತಿಗೆ ಅಮ್ಮ ಕೇಳಿದಳು. ಹೇಳಲಿಲ್ಲ, ಬೆಳಿಗ್ಗೆ ಅವಳೇ ಓದಲಿ. ಖುಷಿಗೆ ನಿದ್ದೆಯೇ ಹತ್ತುತ್ತಿಲ್ಲ.

ಗಿರಣಿ ಬಡಾವಣೆಯಿಂದ ಒಬ್ಬರೂ ಬರೆದಿರಲಿಲ್ಲ. ಬರೆದರೆ ಯಾರು ಹಾಕುತ್ತಾರೆ ಅಂದುಕೊಂಡಿರಬೇಕು. ನಾಳೆ ಕಚೇರಿಗೆ ಮೊದಲು ಅಲ್ಲಿಗೆ ಹೋಗುತ್ತೇನೆ. ಮಾತು ತೊದಲಿದರೆ ತೊದಲಲಿ, ಬಾಗಿಲು ತಟ್ಟುತ್ತೇನೆ.