ಮೂವತ್ತೊಂದನೇ ನಡೆ

ಸೆಗೆಡ್, ಹಂಗೇರಿ
9 ಮಾರ್ಚ್ 1974

ಮಾನ್ಯ ಸ್ತೊಯ್ಮೆನ್ ಅವರಿಗೆ,

ನಮ್ಮ ಚದುರಂಗದಾಟದಲ್ಲಿ ಸೋಲೊಪ್ಪಿದ ನಿಮ್ಮ ಕಾರ್ಡು ನಿನ್ನೆ ಬಲ್ಗೇರಿಯಾದಿಂದ ಬಂತು. ಅಂಚೆಯವ ದೆಜೋ ಎಂದಿನಂತೆ ಬಾಗಿಲಲ್ಲೇ ಅದನ್ನು ಓದಿ, "ಗೆದ್ರಲ್ಲ ವಿಲ್ಮಕ್ಕ, ಇನ್ನು ನನ್ನ ಕಾಲಿಗೆ ರಜೆ" ಅಂದ. ನನಗೆ ನಗು ಬರಲಿಲ್ಲ.

ಮೂರು ವರ್ಷದ ಹಿಂದೆ, ಬಿಳಿ ಕಾಯಿ ನನ್ನದಾದಾಗ, ಮೊದಲ ನಡೆಯಲ್ಲೇ ನಡುವಿನ ಪದಾತಿಗಳನ್ನು ಬಿಟ್ಟು ಬದಿಯದನ್ನು ನಡೆಸಿದ್ದೆ. "ಏನ್ರೀ, ಮುಂಬಾಗಿಲು ಬಿಟ್ಟು ಹಿತ್ತಿಲಿಂದ ಬರ್ತೀರಲ್ಲ" ಎಂದು ನೀವು ಕಾರ್ಡಿನ ಮೂಲೆಯಲ್ಲಿ ಬರೆದಿದ್ದಿರಿ. ನನ್ನ ಸ್ವಭಾವವೇ ಹಾಗೆ.

ಅಂಚೆ ಚದುರಂಗದಲ್ಲಿ ಎಲ್ಲರೂ "ನೀವು ಹೀಗೆ ಆಡಿದರೆ ನಾನು ಹೀಗೆ" ಎಂದು ಮುಂದಿನ ನಡೆಗಳನ್ನೂ ಒಂದೇ ಕಾರ್ಡಿನಲ್ಲಿ ಬರೆದು ದಿನ ಉಳಿಸುತ್ತಾರೆ. ನಾನು ಒಮ್ಮೆಯೂ ಬರೆಯಲಿಲ್ಲ. ಮೂವತ್ತೊಂದನೇ ನಡೆಯಲ್ಲಿ ನಿಮ್ಮ ಮಂತ್ರಿ ತಪ್ಪಿಸಿಕೊಳ್ಳಲಾಗದಂತೆ ಸಿಕ್ಕಿಬಿದ್ದಿತ್ತು. ನಾನು ಅದನ್ನು ಹೊಡೆಯದೆ ನನ್ನ ರಾಜನನ್ನು ಒಂದು ಮನೆ ಸರಿಸಿ ಸುಮ್ಮನಾದೆ.

ಹಲಗೆ ಇನ್ನೂ ಮೇಜಿನ ಮೇಲೆಯೇ ಇದೆ. ಮುಂದಿನ ಆಟಕ್ಕೆ ಬಿಳಿ ಕಾಯಿ ನೀವೇ ಇಟ್ಟುಕೊಳ್ಳಿ. ಆಗ ಮೊದಲ ಕಾರ್ಡು ನೀವೇ ಬರೆಯಬೇಕಾಗುತ್ತದೆ.

ಒಂದು ಮಾತು ಕೇಳಲೇ? ಮಂತ್ರಿ ಸಿಕ್ಕಿಬಿದ್ದಿದೆಯೆಂದು ಅಂದೇ ನಿಮಗೂ ಕಂಡಿರಬೇಕು. ಅಂದೇ ಸೋಲೊಪ್ಪಬಹುದಿತ್ತು. ಆಮೇಲೂ ಹನ್ನೊಂದು ತಿಂಗಳು ಯಾಕೆ ಆಡಿದಿರಿ?

ನಿಮ್ಮ ಎದುರಾಳಿ,
ವಿಲ್ಮಾ ಸಾಂತೋ